ಕ್ಯಾನ್ಸರ್ ಗೆಡ್ಡೆಯೊಳಗೆ ಟಿ ಕೋಶ ನುಗ್ಗಿದ್ದನ್ನು ಕೊನೆಗೂ ನೋಡಿದೆ

ಕ್ಯಾನ್ಸರ್ ಗೆಡ್ಡೆಯ ತೆಳು ಹೋಳನ್ನು (ಸ್ಲೈಸ್) ಜೀವಂತ ಇಟ್ಟು, ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಅದರೊಳಗೆ ಹೋಗುವುದನ್ನು ನೋಡಬೇಕು ಅನ್ನುವುದು ನನ್ನ ಹಠ. "ಎರಡು ಗಂಟೆಗೆ ಸ್ಲೈಸ್ ಸತ್ತುಹೋಗುತ್ತೆ, ಬಿಟ್ಟುಬಿಡು" ಅಂತ ಲ್ಯಾಬ್ ಮೀಟಿಂಗಿನಲ್ಲಿ ಮೂರು ಸಲವಾದರೂ ಹೇಳಿಸಿಕೊಂಡಿದ್ದೇನೆ. ಹಾಗಂದವರೇ ಮೊನ್ನೆ ನನ್ನ ವಿಡಿಯೊವನ್ನು ತಮ್ಮ ಟಾಕ್‌ಗೆ ಕೇಳಿ ತಗೊಂಡರು!

ಇಲಿಯ ಗೆಡ್ಡೆಯನ್ನು ವೈಬ್ರಟೋಮಿನಲ್ಲಿ (ಕಂಪಿಸುವ ಬ್ಲೇಡಿನ ಯಂತ್ರ) 300–350 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪಕ್ಕೆ ಕೊಯ್ದು, ಮೇಲೆ ಡೈ ಹಾಕಿದ ಟಿ ಕೋಶ ಬಿಟ್ಟು, ಕಾನ್‌ಫೋಕಲ್ ಮೈಕ್ರೋಸ್ಕೋಪ್ ಕೆಳಗೆ ಕಾಯುವುದು, ಇಷ್ಟೇ ಕೆಲಸ. ಮೊದಲ ನಾಲ್ಕು ತಿಂಗಳು ಕಂಡದ್ದು ಮಾತ್ರ ಡಿಶ್ ತಳದಲ್ಲಿ ರಾಶಿ ಬಿದ್ದ ಕೋಶಗಳು. ಸ್ಲೈಸ್ ಮೇಲೆ ಪುಟ್ಟ ಸ್ಟೀಲ್ ವಾಷರ್ ಕೂರಿಸಿ ಬಾವಿಯ ಹಾಗೆ ಮಾಡಿದ ಮೇಲೆ ಸೋರಿಕೆ ನಿಂತಿತು. ಅದನ್ನು ಅಲುಗಾಡದಂತೆ ಹಿಡಿಸಿದ್ದು ಹೇಗೆ ಎನ್ನುವುದು ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇರಲಿ.

ನನ್ನ ದೊಡ್ಡ ದಡ್ಡತನ ಸಿಎಕ್ಸ್‌ಸಿಎಲ್10, ಟಿ ಕೋಶಗಳನ್ನು ಸೆಳೆಯುವ ಪ್ರೋಟೀನ್. ಅದನ್ನು ಗುರುತಿಸುವ ರಿಸೆಪ್ಟರ್ ಸಿಎಕ್ಸ್‌ಸಿಆರ್3 ಇರುವ ಕೋಶ ಅದರ ಜಾಡು ಹಿಡಿದು ಹೋಗುತ್ತದಲ್ಲ ಅಂತ ಇಡೀ ಮೀಡಿಯಂಗೆ (ಸ್ಲೈಸ್ ಇಡುವ ದ್ರವ) ಸುರಿದೆ. ವರ್ಷದ ರೀಏಜೆಂಟ್ ದುಡ್ಡಿನ ಹೆಚ್ಚುಕಮ್ಮಿ ಕಾಲುಭಾಗ ಆ ವಯಲ್‌ಗಳಿಗೇ ಹೋಯಿತು. ಕೋಶಗಳು ನಿಂತಲ್ಲೇ ಗಿರಕಿ ಹೊಡೆದವು. ಸುತ್ತಲೂ ಒಂದೇ ವಾಸನೆಯಾದರೆ ಯಾವ ಕಡೆ ಹೋಗಬೇಕು? ಸಾಲದ್ದಕ್ಕೆ ರಿಸೆಪ್ಟರನ್ನು ಒಳಗೆಳೆದುಕೊಂಡು ಮೂಗೇ ಕಟ್ಟಿಕೊಂಡವು.

ಆಮೇಲೆ ಏನನ್ನೂ ಸುರಿಯಲಿಲ್ಲ. ಟಿ ಕೋಶ ಬೆಳೆಸುವ ಪ್ರೋಟೀನ್ ಐಎಲ್-2ನಲ್ಲಿ ಐದಾರು ದಿನ ಬೆಳೆಸಿದ ಕೋಶ, ಆಕ್ಸಿಜನ್ ಹಾಯಿಸಿದ ಮೀಡಿಯಂ. ಕೊಯ್ತಕ್ಕೆ ಸತ್ತ ಮೇಲ್ಪದರ ಬಿಟ್ಟು, ಸುಮಾರು 40 ಮೈಕ್ರಾನ್ ಕೆಳಗಿನಿಂದ ಸ್ಕ್ಯಾನ್. ಆಗ ಕಂಡಿತು ನೋಡಿ: ಗೆಡ್ಡೆಯ ಕ್ಯಾನ್ಸರ್ ಕೋಶಗಳ ದ್ವೀಪಗಳ ಸುತ್ತ ಕೊಲಾಜನ್ ಎಂಬ ಎಳೆಎಳೆ ಪ್ರೋಟೀನಿನ ಬೇಲಿ. ಸಡಿಲ ಜಾಗದಲ್ಲಿ ನಿಮಿಷಕ್ಕೆ 8–10 ಮೈಕ್ರಾನ್ ಓಡುತ್ತಿದ್ದ ಕೋಶ ಬೇಲಿಗೆ ಬಂದದ್ದೇ ಎಳೆಯ ಗುಂಟ ಪಕ್ಕಕ್ಕೆ ತಿರುಗುತ್ತಿತ್ತು. ಒಳಗೆ ನುಸುಳಿದ್ದು ಹತ್ತರಲ್ಲಿ ಒಂದಿರಬಹುದು. ಟಿ ಕೋಶದ ಬ್ರೇಕಿನಂತಿರುವ ಪಿಡಿ-1 ಅನ್ನು ತಡೆಯುವ ಆಂಟಿಬಾಡಿ ಹಾಕಿದರೂ ಆ ಲೆಕ್ಕ ಕದಲಲಿಲ್ಲ. ಬ್ರೇಕ್ ಬಿಡಿಸಿದರೇನು, ಗಾಡಿ ಇನ್ನೂ ಗೇಟಿನ ಹೊರಗೇ ಇದೆ. ಗಟ್ಟಿ ಗೆಡ್ಡೆಗಳಲ್ಲಿ ಕಾರ್-ಟಿ (ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿದ ಟಿ ಕೋಶ) ಒದ್ದಾಡುವುದಕ್ಕೂ ಇದೊಂದು ಕಾರಣ.

ಚಪಲಕ್ಕೆ ಕೊಲಾಜನ್ ಕತ್ತರಿಸುವ ಕಿಣ್ವ ಕೊಲಾಜಿನೇಸ್ ಹಾಕಿ ನೋಡಿದೆ. ಮೊದಲ ಸಲ ಸ್ಲೈಸೇ ಲೋಳೆಯಾಯಿತು. ಡೋಸ್ ಹತ್ತನೇ ಒಂದಕ್ಕೆ ಇಳಿಸಿದಾಗ ಒಳಹೊಕ್ಕವು ಎರಡು-ಮೂರು ಪಟ್ಟಾದವು. ರೋಗಿಗೆ ಇದನ್ನು ಕೊಡುವ ಮಾತಿಲ್ಲ, ಬೇಲಿಯೇ ಅಡ್ಡಿ ಅಂತ ಖಾತ್ರಿಯಾಯಿತು, ಅಷ್ಟೆ.

"ಮೀಡಿಯಂ ಹರಿವಿಗೆ ತೇಲಿಹೋಗಿರುತ್ತವೆ" ಅಂತ ಒಬ್ಬರು ಕೊನೆಯವರೆಗೂ ಪಟ್ಟು ಹಿಡಿದರು. ಸೆಳೆಯುವ ಸಂಕೇತ ಹಿಡಿದು ಹೋಗುವುದನ್ನು ತಡೆಯುವ ಪರ್ಟುಸಿಸ್ ಟಾಕ್ಸಿನ್ ಕೊಟ್ಟ ಕೋಶಗಳನ್ನು ಅದೇ ಹರಿವಿನಲ್ಲಿ ಬಿಟ್ಟು ತೋರಿಸಿದೆ. ಒಂದೂ ಒಳಗೆ ಹೋಗಲಿಲ್ಲ. ಈಗ ಕೊಲಾಜನ್ ಬೇಲಿ ಕಟ್ಟಿಸುವ ಸಂಕೇತವಾದ ಟಿಜಿಎಫ್-ಬೀಟಾವನ್ನು ತಡೆಯುವ ಮದ್ದು ಕೊಟ್ಟ ಇಲಿಗಳ ಗೆಡ್ಡೆ ಕೊಯ್ಯುತ್ತಿದ್ದೇನೆ. ಆ ಇಲಿಗಳ ಖರ್ಚು ಅವರದೇ ಗ್ರಾಂಟಿನದು.