ಹೊಸ ಕಾರಿನ ಕಟಕಟ ಹಿಡಿದ ಬಗೆ

ಕಾರಿನೊಳಗಿನ ಸದ್ದು ಹುಡುಕುವವರಿಗೆ ಬಾಗಲಕೋಟೆ ಒಳ್ಳೆಯ ಊರು. ನವನಗರದಲ್ಲಿ ಸೆಕ್ಟರ್‌ಗಳ ನಡುವೆ ನೇರವಾದ ಅಗಲ ರಸ್ತೆ. ವಿದ್ಯಾಗಿರಿ ದಾಟಿ ಹಳೆ ಊರಿಗೆ ಹೋದರೆ ಇಕ್ಕಟ್ಟು ಗಲ್ಲಿ, ಗುಂಡಿ. ಗದ್ದನಕೇರಿ ಕ್ರಾಸ್‌ನಿಂದ ಕಲಾದಗಿ ಕಡೆ ಹೊರಟರೆ, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಅಲ್ಲಲ್ಲಿ ಕಿತ್ತುಹಾಕಿದ ಡಾಂಬರು. ಒಂದೇ ಬೆಳಗ್ಗೆ ಎಲ್ಲ ಬಗೆಯ ರಸ್ತೆಯೂ ಸಿಗುತ್ತದೆ.

ನಮ್ಮ ಮನೆಗೆ ಹೊಸ ಕಾರು ಬಂದದ್ದು ಡಿಸೆಂಬರ್‌ನಲ್ಲಿ. ಪೆಟ್ರೋಲ್ ಗಾಡಿ, ಎಂಜಿನ್ ಸದ್ದು ಇದ್ದೂ ಇಲ್ಲದ ಹಾಗೆ. ತೊಂದರೆ ಶುರುವಾಗೋದೇ ಅಲ್ಲಿ. ಎಂಜಿನ್ ಸುಮ್ಮನಿದ್ದರೆ ಉಳಿದ ಸಣ್ಣಪುಟ್ಟ ಸದ್ದೆಲ್ಲ ಕಿವಿಗೆ ಬೀಳುತ್ತದೆ. ನಮ್ಮ ಹಳೆ ಡೀಸೆಲ್ ಗಾಡಿಯಲ್ಲಿ ಇದಕ್ಕಿಂತ ಜಾಸ್ತಿ ಸದ್ದಿದ್ದರೂ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೊಸದರಲ್ಲಿ ಹಾಳು ರಸ್ತೆಗೆ ಬಂದ ಕೂಡಲೇ ಟಕ್, ಟಕಟಕ, ಟಕ್. ಸ್ಪೀಡ್ 20, 30 ಇದ್ದಾಗ. ಹೈವೇ ಮೇಲೆ ಇಲ್ಲವೇ ಇಲ್ಲ. ಮುಂದೆ ಎಡಗಡೆ, ಗ್ಲೋವ್ ಬಾಕ್ಸ್ ಹತ್ತಿರದಿಂದ ಬಂದ ಹಾಗೆ ಕೇಳುತ್ತಿತ್ತು.

ಸರ್ವಿಸ್ ಸೆಂಟರ್‌ಗೆ ಒಯ್ದೆ. ಇಬ್ಬರು ಬಂದರು. ಒಬ್ಬರು ಸ್ಟೀರಿಂಗ್ ಹಿಡಿದರು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು, ಇನ್ನೊಬ್ಬರು ಹಿಂದೆ ಕೂತು ಕಿವಿ ಕೊಟ್ಟರು. ನಾನು ಹೇಳಿದ ರಸ್ತೆಗೇ ಹೋದರು, ಅದರಲ್ಲಿ ತಕರಾರಿಲ್ಲ. ಒಂದು ಟಕ್ ಕೂಡ ಬರಲಿಲ್ಲ. ಜಾಬ್ ಕಾರ್ಡ್ ಮೇಲೆ 'ಸದ್ದು ಕಂಡುಬಂದಿಲ್ಲ' ಅಂತ ಬರೆದು ಕೊಟ್ಟರು. ಹೊಸ ಕಾರು ತಗೊಂಡವರಿಗೆಲ್ಲ ಹೀಗೇ ಏನಾದರೂ ಕೇಳಿಸುತ್ತೆ ಬಿಡಿ, ಅನ್ನೋ ನಗು ಬೇರೆ. ಒಬ್ಬನೇ ಮನೆಗೆ ವಾಪಸ್ ಬರುವಾಗ ಮತ್ತೆ ಟಕಟಕ.

ಆಮೇಲೆ ನಾನೇ ಕೈಹಾಕಿದೆ. ಮೊದಲು ಕಾರು ಪೂರ್ತಿ ಖಾಲಿ ಮಾಡಿದೆ. ಗ್ಲೋವ್ ಬಾಕ್ಸಿನ ಪುಸ್ತಕ, ಬಾಗಿಲಿನ ಪಾಕೆಟ್ಟಿನ ನೀರಿನ ಬಾಟಲಿ, ಕಪ್ ಹೋಲ್ಡರಿನ ಚಿಲ್ಲರೆ, ಡಿಕ್ಕಿಯ ಛತ್ರಿ, ಜಾಕ್, ಸ್ಪ್ಯಾನರ್ ಚೀಲ, ಎಲ್ಲ. ಕನ್ನಡಿಗೆ ಕಟ್ಟಿದ್ದ ಪುಟ್ಟ ಗಂಟೆಯನ್ನೂ ಬಿಚ್ಚಬೇಕಾಯಿತು, ಅದಕ್ಕೆ ಮನೆಯಲ್ಲಿ ಪರ್ಮಿಶನ್ ಬೇಕಿತ್ತು. ಸ್ಪೇರ್ ಟೈರಿನ ನಡುವಿನ ಬೋಲ್ಟ್ ಕೈಯಲ್ಲಿ ತಿರುಗಿಸಿ ನೋಡಿದೆ, ಗಟ್ಟಿ ಇತ್ತು. ನಾಲ್ಕೂ ಟೈರಿನ ಗಾಳಿ ನೋಡಿಸಿದೆ. ಬಾಗಿಲ ಪಕ್ಕದ ಸ್ಟಿಕರ್ ಪ್ರಕಾರ 33 ಪಿಎಸ್‌ಐ ಇರಬೇಕು, ಇದ್ದದ್ದು 42. ಯಾರ್ಡ್‌ನಲ್ಲಿ ಎಷ್ಟೋ ಕಾಲ ನಿಲ್ಲುವ ಗಾಡಿಗಳಿಗೆ ಗಾಳಿ ಜಾಸ್ತಿ ಹಾಕಿಡುತ್ತಾರೆ. ಡೆಲಿವರಿಗೆ ಮುಂಚೆ ಇಳಿಸಬೇಕು, ಎಷ್ಟೋ ಸಲ ಇಳಿಸಿರುವುದಿಲ್ಲ. ಟೈರು ಗಟ್ಟಿಯಾಗಿದ್ದರೆ ಪ್ರತಿ ಗುಂಡಿಯ ಪೆಟ್ಟೂ ನೇರ ಬಾಡಿಗೆ ಬೀಳುತ್ತದೆ, ಸಡಿಲ ಇರೋದೆಲ್ಲ ಕುಣಿಯುತ್ತದೆ. ಹೊಸ ಕಾರು ತಗೊಂಡವರು ಬೇರೇನೂ ಮಾಡದಿದ್ದರೂ ಇದೊಂದು ನೋಡಿಸಿ. ಗಾಳಿ ಸರಿಮಾಡಿದ ಮೇಲೆ ನನ್ನ ಸದ್ದು ಕಮ್ಮಿ ಆಯಿತು, ಹೋಗಲಿಲ್ಲ.

ಆಗ ಡ್ಯಾಶ್‌ಬೋರ್ಡ್ ಬಿಚ್ಚಿ ನೋಡೋಣ ಅನ್ನಿಸುವುದು ಸಹಜ. ನಾನು ಅದಕ್ಕೆ ಹೋಗಲಿಲ್ಲ. ಸದ್ದು ಎಲ್ಲಿಂದ ಬರುತ್ತದೆ ಅನ್ನುವುದನ್ನು ಪಕ್ಕಕ್ಕಿಟ್ಟು, ಯಾವಾಗ ಬರುತ್ತದೆ ಅನ್ನುವುದನ್ನು ಬರೆದಿಡಲು ಶುರು ಮಾಡಿದೆ. ಕಾರಿನೊಳಗೆ 'ಎಲ್ಲಿ' ಅನ್ನುವ ಪ್ರಶ್ನೆಗೆ ನಮ್ಮ ಕಿವಿ ಸರಿಯಾದ ಉತ್ತರ ಕೊಡುವುದಿಲ್ಲ. ಎಡಗಡೆಯ ಸದ್ದು ಎಡ ಕಿವಿಗೆ ಒಂಚೂರು ಬೇಗ, ಒಂಚೂರು ಜೋರಾಗಿ ತಲುಪುತ್ತದೆ, ಹಾಗಾಗಿ ಎಡ ಬಲ ಸುಲಭವಾಗಿ ತಿಳಿಯುತ್ತದೆ. ಆದರೆ ಮುಂದಿನ ಸದ್ದು, ಹಿಂದಿನ ಸದ್ದು ಎರಡೂ ಎರಡು ಕಿವಿಗೆ ಹೆಚ್ಚುಕಮ್ಮಿ ಒಂದೇ ಥರ ಬರುತ್ತವೆ. ಬಯಲಲ್ಲಾದರೆ ತಲೆ ಅತ್ತಿತ್ತ ತಿರುಗಿಸಿ ಗುರುತು ಹಿಡಿಯುತ್ತೇವೆ. ಗಾಡಿ ಓಡಿಸುವವರು ಎದುರಿನ ರಸ್ತೆ ಬಿಟ್ಟು ಎಲ್ಲಿ ತಿರುಗುತ್ತಾರೆ? ಅದರ ಮೇಲೆ ಎದುರಿಗೆ ಇಷ್ಟು ದೊಡ್ಡ ಗಾಜು. ಹಿಂದಿನ ಸದ್ದು ಅದಕ್ಕೆ ಬಡಿದು ವಾಪಸ್ ಬಂದರೆ ಮುಂದಿನಿಂದಲೇ ಬಂದ ಹಾಗೆ ಕೇಳುತ್ತದೆ.

ಮಗಳ ಹಳೆ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಕೊಂಡೆ. ರಸ್ತೆ, ಸ್ಪೀಡು, ಹೊತ್ತು, ಬಿಸಿಲೋ ಚಳಿಯೋ, ಎಸಿ ಇತ್ತೇ, ಗ್ಲಾಸ್ ಇಳಿಸಿತ್ತೇ, ಗಾಡಿಯಲ್ಲಿ ಯಾರ್ಯಾರಿದ್ದರು. ಕೊನೆಯದನ್ನು ಸುಮ್ನೆ ಸೇರಿಸಿದ್ದೆ.

ಜೊತೆಗೆ ಒಂದೊಂದಾಗಿ ಅನುಮಾನ ಕಳೆಯುತ್ತ ಹೋದೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ 3000 ಆರ್‌ಪಿಎಂ ತನಕ ಒಯ್ದೆ. ಸೈಲೆನ್ಸರ್ ಪೈಪಿನ ಮೇಲಿನ ಹೀಟ್ ಶೀಲ್ಡ್, ಅಂದರೆ ಬಿಸಿ ತಡೆಯುವ ತಗಡು, ಸಡಿಲಿದ್ದರೆ ಯಾವುದೋ ಒಂದು ಆರ್‌ಪಿಎಂಗೆ ಬಂದಾಗ ಜಿರ್ರ್ ಅನ್ನುತ್ತದೆ, ದಾಟಿದರೆ ನಿಲ್ಲುತ್ತದೆ. ನನ್ನದು ನಿಂತ ಗಾಡಿಯಲ್ಲಿ ಸುಮ್ಮನಿತ್ತು. ಆಮೇಲೆ ಗುಂಡಿ ಮೇಲೆ ಹೋಗುವಾಗ ಬ್ರೇಕ್ ಪೆಡಲ್ ಮೇಲೆ ಹಗುರಾಗಿ ಕಾಲಿಟ್ಟೆ. ಬ್ರೇಕ್ ಪ್ಯಾಡ್ ಅಲ್ಲಾಡಿ ಸದ್ದು ಬರುತ್ತಿದ್ದರೆ ಕಾಲಿಟ್ಟ ಕೂಡಲೇ ನಿಲ್ಲುತ್ತದೆ. ನಿಲ್ಲಲಿಲ್ಲ. ಗ್ಲಾಸ್ ಅರ್ಧ ಇಳಿಸಿ, ಪೂರ್ತಿ ಏರಿಸಿ ನೋಡಿದೆ, ವ್ಯತ್ಯಾಸ ಇಲ್ಲ. ಇದನ್ನೆಲ್ಲ ಮಾಡುವವರಿಗೆ ಒಂದು ಮಾತು: ಸದ್ದು ಸರಿಯಾಗಿ ಕೇಳಲಿ ಅಂತ ಓಡುವ ಗಾಡಿಯ ಎಂಜಿನ್ ಆಫ್ ಮಾಡಬೇಡಿ. ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ನೋಟ್‌ಬುಕ್ಕಿನಿಂದ ಒಂದು ವಿಷಯ ಬೇಗ ಗೊತ್ತಾಯಿತು. ಬೆಳಗಿನ ಚಳಿಯಲ್ಲಿ ಸದ್ದು ಜಾಸ್ತಿ, ಬಿಸಿಲಲ್ಲಿ ನಿಂತು ಕಾದ ಗಾಡಿಯಲ್ಲಿ ಕಮ್ಮಿ. ಅಂದರೆ ಅಲ್ಲೆಲ್ಲೋ ರಬ್ಬರೋ ಪ್ಲಾಸ್ಟಿಕ್ಕೋ ಇದೆ. ಚಳಿಗೆ ಗಟ್ಟಿಯಾಗಿ ಪೆಟ್ಟು ತಿನ್ನುತ್ತಿದೆ.

ಇಷ್ಟೆಲ್ಲ ಆಗುವಷ್ಟರಲ್ಲಿ ಸಂಕ್ರಾಂತಿ ಬಂತು. ಬನಹಟ್ಟಿಗೆ ಸೋದರಮಾವನ ಮನೆಗೆ ಹೋದೆ. ಮಾವನದು ಪವರ್‌ಲೂಮ್. ರಬಕವಿ-ಬನಹಟ್ಟಿ ಅಂದರೆ ಗೊತ್ತಲ್ವಾ, ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದೇ ಮೊದಲು ಮಾತಾಡಿಸುತ್ತದೆ. ಶೆಡ್ಡಿನೊಳಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಅದರ ನಡುವೆ ಮಾವ ಯಾವ ಮಗ್ಗದ ಯಾವ ಬೋಲ್ಟ್ ಸಡಿಲ ಆಗಿದೆ ಅಂತ ಹೇಳುತ್ತಾರೆ. ಕಿವಿಯ ಕರಾಮತ್ತು ಅಂದುಕೊಂಡಿದ್ದೆ. ಕೇಳಿದರೆ ನಕ್ಕರು. 'ಕಿವಿ ಏನ್ ಹೇಳತೈತಿ ಆ ಗದ್ದಲದಾಗ? ಲಾಳಿ ಹೋಗೂಮುಂದ ಬಂತೋ, ಹಣಿಗಿ ಬಡಿಯೂಮುಂದ ಬಂತೋ ಅಷ್ಟ ನೋಡೂದು. ಆಮ್ಯಾಗ ಅನುಮಾನ ಬಂದ ಜಾಗಾಕ್ಕ ಕೈ ಇಡೂದು. ನಿಂತ್ರ ಸಿಕ್ಕಂಗ.' ಲಾಳಿ ಅಡ್ಡ ನೂಲು ಒಯ್ಯುತ್ತದೆ, ಹಣಿಗೆ ಅದನ್ನು ಬಡಿದು ಕೂರಿಸುತ್ತದೆ.

ಮಾವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಹಾಲಿಂಗಪುರದ ಕಡೆ ಹೊರಟೆ. ದಾರಿಯುದ್ದಕ್ಕೂ ಗಾಡಿ ಗಪ್‌ಚುಪ್. ಚಹಾ ಕುಡಿದು ವಾಪಸ್ ಹೊರಟಾಗ ಮಾವ ಕಾಲು ಚಾಚಬೇಕು ಅಂತ ಮುಂದೆ ಬಂದು ಕೂತರು. ಮೊದಲ ಗುಂಡಿಗೇ ಟಕಟಕ. ಮಾವ ಗಾಡಿ ನಿಲ್ಲಿಸು ಅಂದರು, ಹಿಂದೆ ಹೋಗಿ ಕೂತರು. ಇಲ್ಲ. ಮುಂದೆ ಬಂದರು. ಇದೆ. 'ನಾ ಕುಂತ್ರ ನಿಲ್ಲತೈತಿ ಅಂದ್ರ, ನಾ ಕುಂತ ಜಾಗಾನ ಹುಡುಕು' ಅಂದರು.

ಮನೆಗೆ ಬಂದು ನೋಟ್‌ಬುಕ್ ತೆಗೆದರೆ ಎಲ್ಲ ಅಲ್ಲೇ ಇತ್ತು. ಬೆಳಗ್ಗೆ ಒಬ್ಬನೇ ಹೋಗುವಾಗ ಸದ್ದು. ಸಂಜೆ ಟ್ಯೂಷನ್ ಮುಗಿಸಿದ ಮಕ್ಕಳು ಹಿಂದೆ ಇದ್ದಾಗ ಇಲ್ಲ. ಸರ್ವಿಸ್ ಸೆಂಟರ್‌ನವರಿಗೆ ಯಾಕೆ ಕೇಳಲಿಲ್ಲ ಅನ್ನುವ ಒಗಟೂ ಬಿಚ್ಚಿಕೊಂಡಿತು. ಸದ್ದು ಕೇಳಲಿಕ್ಕೆಂದು ಹಿಂದೆ ಕೂತವರೇ ಅದನ್ನು ಅದುಮಿ ಕೂತಿದ್ದರು!

ಖಾತ್ರಿ ಮಾಡಿಕೊಳ್ಳಲು ಮೂರು ಫೋನ್ ತಗೊಂಡೆ. ಒಂದನ್ನು ಡ್ಯಾಶ್‌ಬೋರ್ಡ್ ಹತ್ತಿರ, ಇನ್ನೆರಡನ್ನು ಹಿಂದಿನ ಸೀಟಿನ ಎಡಕ್ಕೊಂದು ಬಲಕ್ಕೊಂದು, ಟವೆಲ್ ಸುತ್ತಿ ಅಲ್ಲಾಡದ ಹಾಗೆ ಇಟ್ಟೆ. ಮೂರರಲ್ಲೂ ರೆಕಾರ್ಡಿಂಗ್ ಒತ್ತಿ, ಆಮೇಲೆ ಹೊಂದಿಸಿ ಕೇಳಲು ಗುರುತಿರಲಿ ಅಂತ ಒಂದು ಚಪ್ಪಾಳೆ ಹೊಡೆದೆ. ಹಳೆ ಊರಿನ ಗಲ್ಲಿಗಳಲ್ಲಿ ಸುತ್ತಿ ಬಂದೆ. ಮನೆಯಲ್ಲಿ ಕೂತು ಕೇಳಿದರೆ ಮುಂದಿನ ಫೋನಿನಲ್ಲಿ ಸದ್ದು ಮಸುಕು. ಹಿಂದಿನ ಎಡಗಡೆಯ ಫೋನಿನಲ್ಲಿ ಠಣ್ ಅನ್ನುವಷ್ಟು ಸ್ಪಷ್ಟ, ಲೋಹದ ಸದ್ದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಸದ್ದು ಹುಡುಕುವವರಿಗೆ ನಾನು ಮೊದಲು ಹೇಳೋದು ಇದನ್ನೇ.

ಈಗ ಜಾಗ ಸಿಕ್ಕಿತ್ತು. ಆದರೆ ಹಿಂದಿನ ಸೀಟಿನ ಎಡಭಾಗ ಅಂದರೆ ಅಲ್ಲಿ ಕೂರುವ ದಿಂಬು, ಒರಗುವ ಬೆನ್ನು, ಹೆಡ್‌ರೆಸ್ಟ್, ಬೆಲ್ಟಿನ ಬಕಲ್, ಮೇಲಿನ ಪಾರ್ಸೆಲ್ ಟ್ರೇ, ಎಲ್ಲ ಇದೆ. ಟ್ರೇ, ಹೆಡ್‌ರೆಸ್ಟ್ ತೆಗೆದಿಟ್ಟೆ, ಸದ್ದು ಹಾಗೇ ಇತ್ತು. 25 ಕೆಜಿ ಜೋಳದ ಚೀಲವನ್ನು ದಿಂಬಿನ ಮೇಲಿಟ್ಟು, ಬೆನ್ನಿಗೆ ತಾಗದ ಹಾಗೆ ಬೆಲ್ಟ್ ಬಿಗಿದೆ. ಆಗಲೂ ಇತ್ತು. ಅಂದರೆ ದಿಂಬಲ್ಲ, ಬಕಲ್ಲೂ ಅಲ್ಲ. ಸೀಟಿನ ಬೆನ್ನನ್ನು ಮುಂದಕ್ಕೆ ಮಡಚಿ ಓಡಿಸಿದೆ. ನಿಂತಿತು. ಮತ್ತೆ ಎತ್ತಿ ಲಾಕ್ ಮಾಡಿ, ಹೆಂಡತಿಗೆ ಸ್ಟೀರಿಂಗ್ ಕೊಟ್ಟು, ನಾನು ಹಿಂದೆ ಬಲಗಡೆ ಕೂತು, ಎಡಗೈಯಿಂದ ಎಡಗಡೆಯ ಬೆನ್ನನ್ನು ಡಿಕ್ಕಿಯ ಕಡೆ ಒತ್ತಿ ಹಿಡಿದೆ. ಇಲ್ಲ. ಕೈ ಬಿಟ್ಟೆ. ಟಕ್. ಒತ್ತಿದೆ. ಇಲ್ಲ.

ಡಿಕ್ಕಿಯಿಂದ ಟಾರ್ಚ್ ಹಾಕಿ ನೋಡಿದರೆ ವಿಷಯ ಸರಳ. ಕಾರಿನ ಬಾಡಿಗೆ ಉಂಗುರದ ಥರ ಬಾಗಿಸಿದ ಒಂದು ಕಬ್ಬಿಣದ ಸರಳು ಕೂರಿಸಿರುತ್ತಾರೆ, ಅದಕ್ಕೆ ಸ್ಟ್ರೈಕರ್ ಅನ್ನುತ್ತಾರೆ. ಸೀಟಿನ ಬೆನ್ನಿನೊಳಗಿನ ಲಾಚ್ ಅದನ್ನು ಕಚ್ಚಿ ಹಿಡಿಯುತ್ತದೆ. ಎರಡರ ನಡುವೆ ಸದ್ದು ಬಾರದಿರಲಿ ಅಂತ ಸರಳಿಗೆ ತೆಳು ರಬ್ಬರ್ ತೊಡಿಸಿರುತ್ತಾರೆ. ನನ್ನದರಲ್ಲಿ ಲಾಚ್ ಸರಿಯಾಗಿ ಕಚ್ಚಿತ್ತು, ಬಿಡಿಸುವ ಗುಬ್ಬಿಯ ಪಕ್ಕದ ಕೆಂಪು ಗುರುತು ಪೂರ್ತಿ ಮುಚ್ಚಿತ್ತು. ಆದರೆ ಹಿಡಿತದಲ್ಲಿ ಕೂದಲೆಳೆ ಸಂದು. ಬೆನ್ನು ಹಿಡಿದು ಅಲುಗಿಸಿದರೆ ಬೆರಳಿಗೆ ಗೊತ್ತಾಗುತ್ತಿತ್ತು. ಯಾರಾದರೂ ಒರಗಿದರೆ ಸಂದು ಮುಚ್ಚುತ್ತದೆ. ಯಾರೂ ಇಲ್ಲದಿದ್ದರೆ ಗುಂಡಿ ಗುಂಡಿಗೆ ಬಡಿಯುತ್ತದೆ.

ವೈರಿಂಗ್ ಸುತ್ತಲು ಬಳಸುವ ಬಟ್ಟೆ ಟೇಪ್ ಒಂದೇ ಸುತ್ತು ಸರಳಿಗೆ ಸುತ್ತಿದೆ. ಸದ್ದು ಸತ್ತಿತು. ಇಲ್ಲಿ ಎರಡು, ಮೂರು ಸುತ್ತು ಸುತ್ತುವ ಆಸೆ ಆಗುತ್ತದೆ, ಸುತ್ತಬೇಡಿ. ದಪ್ಪ ಜಾಸ್ತಿಯಾದರೆ ಲಾಚ್ ಪೂರ್ತಿ ಕಚ್ಚುವುದಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಡಿಕ್ಕಿಯ ಸಾಮಾನು ಮುಂದೆ ನುಗ್ಗದ ಹಾಗೆ ತಡೆಯೋದು ಈ ಬೆನ್ನೇ. ಕೆಲವು ಕಾರುಗಳಲ್ಲಿ ನಡುವಿನ ಸೀಟ್ ಬೆಲ್ಟ್ ಕೂಡ ಇದಕ್ಕೇ ಸೇರಿರುತ್ತದೆ. ಟೇಪ್ ಸುತ್ತಿದ್ದು ಜಾಗ ಖಾತ್ರಿ ಮಾಡಿಕೊಳ್ಳಲು ಮಾತ್ರ. ಸ್ಟ್ರೈಕರಿನ ಬೋಲ್ಟ್ ನಾನು ಮುಟ್ಟಲಿಲ್ಲ. ವಾರಂಟಿ ಇದೆ, ಅದನ್ನು ಎಷ್ಟು ಬಿಗಿಯಬೇಕು ಅನ್ನುವ ಲೆಕ್ಕ ಅವರ ಹತ್ತಿರ ಇದೆ.

ಬೇರೆಯವರ ಕಾರಿನಲ್ಲಿ ಕಳ್ಳ ಬೇರೆ ಇರಬಹುದು. ನನ್ನದು ಸಿಕ್ಕ ಮೇಲೆ ಓಣಿಯವರೂ ತಮ್ಮ ಗಾಡಿ ತಂದರು, ಹಾಗಾಗಿ ಸ್ವಲ್ಪ ಹೇಳಬಲ್ಲೆ. ಡಿಕ್ಕಿ ಬಾಗಿಲ ಮೇಲಿನ ನಂಬರ್ ಪ್ಲೇಟ್ ಒಮ್ಮೆ ಬೆರಳಿಂದ ತಟ್ಟಿ ನೋಡಿ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗೆಲ್ಲ ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಕಡ್ಡಾಯ. ಆ ಅಲ್ಯೂಮಿನಿಯಂ ತಗಡಿನ ಹಿಂದೆ ಒಂದು ತುಂಡು ಫೋಮ್ ಇಲ್ಲದಿದ್ದರೆ ಡಿಕ್ಕಿಯ ಬಾಗಿಲು ಮುಚ್ಚಿದಾಗಲೆಲ್ಲ ಝಲ್ ಅನ್ನುತ್ತದೆ. ಡಿಕ್ಕಿ ಬಾಗಿಲೇ ಸಡಿಲಾಗಿ ಬಡಿಯುತ್ತಿದ್ದರೆ, ಅದರ ಅಂಚಿನ ರಬ್ಬರ್ ಗುಬ್ಬಿಗಳನ್ನು ಎಷ್ಟೋ ಕಾರುಗಳಲ್ಲಿ ಕೈಯಿಂದ ತಿರುಗಿಸಿ ಎತ್ತರ ಹೆಚ್ಚು ಮಾಡಬಹುದು. ಶೋರೂಮಿನಲ್ಲೋ ಹೊರಗೋ ಹಾಕಿಸಿದ ಡ್ಯಾಶ್‌ಕ್ಯಾಮ್, ಅಲಾರ್ಮ್‌ಗಳ ವೈರ್ ಕನೆಕ್ಟರ್ ಎಲ್ಲೋ ಜೋತಾಡಿಕೊಂಡಿರುತ್ತದೆ. ಆಕ್ಸೆಸರಿ ಹಾಕಿಸಿದ ಮೇಲೆ ಸದ್ದು ಶುರುವಾಗಿದ್ದರೆ ಬೇರೆಲ್ಲೂ ಹುಡುಕುವ ಮೊದಲು ಅಲ್ಲಿ ನೋಡಿ. ಕಟಕಟ ಬೇರೆ, ಕಿರ್ರ್ ಬೇರೆ. ಕಟಕಟ ಅಂದರೆ ಎರಡು ವಸ್ತು ಬಡಿದಾಡುತ್ತಿವೆ, ಬಿಗಿಯಬೇಕು ಇಲ್ಲವೇ ನಡುವೆ ಮೆತ್ತನೆಯದು ಇಡಬೇಕು. ಕಿರ್ರ್ ಅಂದರೆ ಉಜ್ಜುತ್ತಿವೆ. ಬಾಗಿಲ ರಬ್ಬರ್ ಆದರೆ ಸಿಲಿಕೋನ್ ಗ್ರೀಸ್ ಸವರಿ, ಪೆಟ್ರೋಲಿಯಂ ಎಣ್ಣೆ ಬೇಡ, ಅದಕ್ಕೆ ರಬ್ಬರ್ ಉಬ್ಬುತ್ತದೆ.

ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಕೀಳಬೇಡಿ, ಅದರ ಸಂದಿಗೆ ಫೋಮ್ ತುರುಕಬೇಡಿ. ಕಿಟಕಿಗೆ ಪರದೆಯ ಹಾಗೆ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಅಲ್ಲಿಂದಲೇ ಮೇಲಕ್ಕೆ ಹಾದುಹೋಗಿರುತ್ತದೆ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೂ ಅಷ್ಟೇ, ಏರ್‌ಬ್ಯಾಗಿನ ಸಾಲಿನದು, ದೂರ ಇರಿ.

ಟೇಪ್ ಬಿಚ್ಚಿ, ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಸರ್ವಿಸ್ ಸೆಂಟರ್‌ಗೆ ಹೋದೆ. ಬಿಸಿಲೇರಿದರೆ ಸದ್ದು ಕೈಕೊಡುತ್ತದಲ್ಲ. ಈ ಸಲ ಜಾಬ್ ಕಾರ್ಡ್‌ನಲ್ಲಿ ನಾನೇ ಹೇಳಿ ಬರೆಸಿದೆ: ಹಿಂದಿನ ಸೀಟು ಖಾಲಿ ಇದ್ದಾಗ, ಹಾಳು ರಸ್ತೆಯಲ್ಲಿ, 20ರಿಂದ 30 ಸ್ಪೀಡಿನಲ್ಲಿ, ಎಡಗಡೆ ಸೀಟ್ ಬೆನ್ನಿನ ಲಾಚ್‌ನಿಂದ ಸದ್ದು. ಫೋನ್ ರೆಕಾರ್ಡಿಂಗ್ ಕೇಳಿಸಿದೆ. ನಗು ಇರಲಿಲ್ಲ. ಸ್ಟ್ರೈಕರಿನ ಬೋಲ್ಟ್ ಸಡಿಲಿಸಿ, ಒಂಚೂರು ಹಿಂದಕ್ಕೆ ಸರಿಸಿ, ಮತ್ತೆ ಬಿಗಿದರು. ರಬ್ಬರನ್ನೂ ಬದಲಿಸಿದರು. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ, ದುಡ್ಡಿಲ್ಲ.

ಟ್ರಯಲ್‌ಗೆ ಹೊರಟಾಗ ಟೆಕ್ನಿಷಿಯನ್ ರೂಢಿಯಂತೆ ಹಿಂದಿನ ಬಾಗಿಲು ತೆಗೆದು ಒಳಗೆ ಕಾಲಿಟ್ಟರು. ನಾನು ಕೆಳಗಿಳಿಸಿ ಮುಂದೆ ಕೂರಿಸಿದೆ.