ಮೊದಲ ಸಲ ಆರ್‌ವಿ, ಮೊದಲ ಸಲ ದೋಣಿ: ಟೆಕ್ಸಾಸ್‌ನ ಇಂಕ್ಸ್ ಲೇಕ್‌ಗೆ ಹೊರಡುವ ಮುನ್ನ

ಆಸ್ಟಿನ್‌ನಿಂದ ಸುಮಾರು ಒಂದೂಕಾಲು ಗಂಟೆ ಗಾಡಿ ಓಡಿಸಿದರೆ ಬರ್ನೆಟ್ ಊರಿನ ಆಚೆ ಇಂಕ್ಸ್ ಲೇಕ್ ಸ್ಟೇಟ್ ಪಾರ್ಕ್ ಸಿಗುತ್ತದೆ. ಇಲ್ಲಿ ಹರಿಯುವ ಕೊಲರಾಡೊ ನದಿ ಗ್ರ್ಯಾಂಡ್ ಕ್ಯಾನ್ಯನ್ ಕೊರೆದದ್ದಲ್ಲ. ಅದೇ ಹೆಸರಿನ ಟೆಕ್ಸಾಸ್‌ನ ನದಿ. 1938ರಲ್ಲಿ ಮುಗಿದ ಅಣೆಕಟ್ಟಿನಿಂದ ಈ ಕೆರೆ ಆಯಿತು. ಮೇಲೆ ಬ್ಯುಕ್ಯಾನನ್ ಅಣೆಕಟ್ಟು, ಕೆಳಗೆ ಇಂಕ್ಸ್ ಅಣೆಕಟ್ಟು. ಹಾಗಾಗಿ ಸುತ್ತಲಿನ ಕೆರೆಗಳು ಬೇಸಿಗೆಯಲ್ಲಿ ಇಳಿದಾಗಲೂ ಇಲ್ಲಿನ ನೀರಿನ ಮಟ್ಟ ಸಾಮಾನ್ಯವಾಗಿ ಬದಲಾಗುವುದಿಲ್ಲ. ದೋಣಿಯವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇನ್ನೇನು ಬೇಕು?

ಟೆಕ್ಸಾಸ್‌ನಲ್ಲಿರುವ ನಮ್ಮವರು ಅನೇಕರು ಊರಿನಿಂದ ಅಪ್ಪ ಅಮ್ಮ ಬಂದಾಗ ಇಂಥ ಪ್ರವಾಸ ಹಾಕುತ್ತಾರೆ. ಹಿರಿಯರಿಗೆ ಟೆಂಟ್ ಕಷ್ಟ. ಆರ್‌ವಿ ಅಂದರೆ ಒಳಗೇ ಉಳಿದುಕೊಳ್ಳುವ ದೊಡ್ಡ ಗಾಡಿ, ಅದರಲ್ಲಿ ಹಾಸಿಗೆ, ಶೌಚಾಲಯ, ಒಲೆ ಎಲ್ಲವೂ ಇರುತ್ತದೆ. ಆದರೆ ಅದನ್ನು ಮನೆಯ ಹಾಗೆ ಬಳಸಲು ಹೋದರೆ ಮೊದಲ ರಾತ್ರಿಯೇ ಕರೆಂಟು ಹೋಗುತ್ತದೆ, ಮರುದಿನ ಸಿಂಕ್ ಕಟ್ಟಿಕೊಳ್ಳುತ್ತದೆ. ಅಳತೆ ತಿಳಿದು, ಕ್ರಮ ತಪ್ಪದೆ ಮಾಡಿದರೆ ಯಾವ ತೊಂದರೆಯೂ ಇಲ್ಲ.

ಬುಕಿಂಗ್ ಮತ್ತು ಗಾಡಿ

ಟೆಕ್ಸಾಸ್ ಸ್ಟೇಟ್ ಪಾರ್ಕ್‌ಗಳಲ್ಲಿ ಸೈಟನ್ನು, ಅಂದರೆ ಗಾಡಿ ನಿಲ್ಲಿಸಿ ತಂಗುವ ಜಾಗವನ್ನು, ಐದು ತಿಂಗಳು ಮುಂಚಿತವಾಗಿ ಕಾಯ್ದಿರಿಸಬಹುದು. ಬ್ಲೂಬಾನೆಟ್ ಹೂ ಅರಳುವ ಮಾರ್ಚ್, ಏಪ್ರಿಲ್‌ನ ವಾರಾಂತ್ಯ ಬೇಕಿದ್ದರೆ ತಡ ಮಾಡಬೇಡಿ. ಬುಕ್ ಮಾಡುವಾಗ ಎರಡು ವಿಷಯ ನೋಡಿ: ಸೈಟಿನ ಉದ್ದ ನಿಮ್ಮ ಗಾಡಿಗೆ ಸಾಲುತ್ತದೆಯೇ, ಅಲ್ಲಿ ಎಷ್ಟು ಆಂಪ್ ಕರೆಂಟು ಇದೆ.

ಮೊದಲ ಸಲದವರಿಗೆ 25 ಅಡಿ ಆಸುಪಾಸಿನ ಕ್ಲಾಸ್ ಸಿ ಗಾಡಿ ಸಾಕು. ಚಾಲಕನ ತಲೆಯ ಮೇಲೂ ಒಂದು ಮಲಗುವ ಜಾಗ ಇರುವ ಮಾದರಿ ಅದು. ಬಾಡಿಗೆಗೆ ಸುಲಭವಾಗಿ ಸಿಗುತ್ತದೆ. ಅದರ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ. ಸುಮಾರು 12 ಅಡಿ ಇರುತ್ತದೆ. ಪೆಟ್ರೋಲ್ ಬಂಕ್‌ನ ಚಾವಣಿ, ಮರದ ಕೊಂಬೆ ಎರಡಕ್ಕೂ ಆ ಚೀಟಿ ಬೇಕು. ತಿರುಗಿಸುವಾಗ ಹಿಂಭಾಗ ವಿರುದ್ಧ ದಿಕ್ಕಿಗೆ ಬೀಸುತ್ತದೆ, ಅದನ್ನೂ ಗಮನಿಸಿ.

ಸೈಟ್ ತಲುಪಿದ ಮೇಲೆ

ಹಿಂದಕ್ಕೆ ಹಾಕುವಾಗ ಒಬ್ಬರು ಇಳಿದು ಕೈಸನ್ನೆ ಮಾಡಲಿ, ಒಬ್ಬರೇ. ನಾಲ್ಕು ಜನ ಕೂಗಿದರೆ ಚಾಲಕ ಯಾರ ಮಾತು ಕೇಳಬೇಕು? ಗಾಡಿ ನಿಂತ ಮೇಲೆ ಚಕ್ರದ ಕೆಳಗೆ ಹಲಗೆ ಕೊಟ್ಟು ಸಮತಟ್ಟು ಮಾಡಿ. ಇದು ನಿದ್ದೆಗೆ ಮಾತ್ರವಲ್ಲ. ಗ್ಯಾಸಿನಲ್ಲಿ ನಡೆಯುವ ಫ್ರಿಜ್ ಓರೆಯಾಗಿದ್ದರೆ ಒಳಗಿನ ದ್ರವ ಸರಿಯಾಗಿ ಹರಿಯದೆ ಕೆಡುತ್ತದೆ.

ಕರೆಂಟಿನ ಕಂಬದ ಬ್ರೇಕರ್ ಆರಿಸಿ, ಪ್ಲಗ್ ಹಾಕಿ, ಆಮೇಲೆ ಬ್ರೇಕರ್ ಏರಿಸಿ. ನಡುವೆ ಕರೆಂಟಿನ ಏರುಪೇರಿನಿಂದ ಕಾಪಾಡುವ ಒಂದು ಸರ್ಜ್ ಪ್ರೊಟೆಕ್ಟರ್ ಇದ್ದರೆ ಒಳ್ಳೆಯದು. ಈಗ ಲೆಕ್ಕ: 30 ಆಂಪ್, 120 ವೋಲ್ಟ್ ಅಂದರೆ 3,600 ವ್ಯಾಟ್. ಎಸಿ ಒಂದಕ್ಕೇ ಸುಮಾರು 1,500 ಹೋಯಿತು. ಇಂಡಕ್ಷನ್ ಒಲೆ 1,800. ಉಳಿದದ್ದರಲ್ಲಿ ಮೈಕ್ರೋವೇವ್ ಹಾಕಿದರೆ ಬ್ರೇಕರ್ ಬಿದ್ದ ಹಾಗೇ. ಆದ್ದರಿಂದ ಅಡುಗೆಗೆ ಗ್ಯಾಸ್ ಒಲೆಯನ್ನೇ ಬಳಸಿ, ಕುಕ್ಕರ್ ಅದರ ಮೇಲೇ ಕೂಗಲಿ. ಒಗ್ಗರಣೆ ಹಾಕುವ ಮುಂಚೆ ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಅಷ್ಟು ಸಣ್ಣ ಜಾಗದಲ್ಲಿ ಒಂದು ಒಣಮೆಣಸಿನಕಾಯಿ ಸೀದರೂ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ. ಊರಿನಿಂದ ತಂದ 230 ವೋಲ್ಟ್ ಮಿಕ್ಸಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಚಟ್ನಿ ಮನೆಯಲ್ಲೇ ರುಬ್ಬಿಕೊಂಡು ಹೋಗಿ.

ನೀರಿಗೆ ಕುಡಿಯುವ ನೀರಿನದೇ ಬಿಳಿ ಪೈಪ್ ಬಳಸಿ. ನಲ್ಲಿಗೆ ಪ್ರೆಶರ್ ರೆಗ್ಯುಲೇಟರ್ ಹಾಕದಿದ್ದರೆ ಒಳಗಿನ ಪ್ಲಾಸ್ಟಿಕ್ ಪೈಪ್ ಒಡೆಯಬಹುದು.

ಎರಡು ಟ್ಯಾಂಕುಗಳ ವಿಷಯ

ಹೆಚ್ಚಿನವರು ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸಿಂಕ್ ಮತ್ತು ಸ್ನಾನದ ನೀರು ಗ್ರೇ ಟ್ಯಾಂಕಿಗೆ ಹೋಗುತ್ತದೆ. ಶೌಚಾಲಯದ್ದು ಬ್ಲ್ಯಾಕ್ ಟ್ಯಾಂಕಿಗೆ. ಸ್ಟೇಟ್ ಪಾರ್ಕ್‌ಗಳ ಬಹುತೇಕ ಸೈಟುಗಳಲ್ಲಿ ಚರಂಡಿ ಸಂಪರ್ಕ ಇರುವುದಿಲ್ಲ. ನಲ್ಲಿ ನೀರು ಎಷ್ಟು ಬೇಕಾದರೂ ಬರುತ್ತದೆ, ಹೋಗಲು ಮಾತ್ರ ಜಾಗ ಇಲ್ಲ. ಆರು ಜನ ಒಳಗೇ ಸ್ನಾನ ಮಾಡಿದರೆ ಒಂದೇ ದಿನಕ್ಕೆ ಗ್ರೇ ಟ್ಯಾಂಕ್ ತುಂಬಿ, ನೀರು ಬಚ್ಚಲಿನಲ್ಲಿ ಮೇಲೆ ಬರುತ್ತದೆ. ಪಾರ್ಕಿನ ಸ್ನಾನಗೃಹ ಬಳಸಿ, ಯಾವ ಸಂಕೋಚವೂ ಬೇಡ.

ಸಾರಿನ ಪಾತ್ರೆಯನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ತೊಳೆಯಿರಿ. ಸಾಸಿವೆ ಕಾಳು, ಕರಿಬೇವು, ತೆಂಗಿನತುರಿ ಟ್ಯಾಂಕಿನ ತಳಕ್ಕೆ ಹೋಗಿ ಎಣ್ಣೆಯ ಜತೆ ಅಂಟಿ ಕೂರುತ್ತವೆ, ಅಲ್ಲೇ ಕೊಳೆಯುತ್ತವೆ. ಸಿಂಕಿಗೆ ಒಂದು ಸಣ್ಣ ಜಾಲರಿ ಹಾಕಿದರೆ ಮುಗಿಯಿತು. ಶೌಚಾಲಯದಲ್ಲಿ ನೀರು ಬಳಸುವ ನಮ್ಮ ಅಭ್ಯಾಸ ಬ್ಲ್ಯಾಕ್ ಟ್ಯಾಂಕಿಗೆ ಒಳ್ಳೆಯದೇ. ನೀರು ಕಡಿಮೆಯಾದರೆ ಗಟ್ಟಿ ಭಾಗ ತಳದಲ್ಲಿ ಗುಡ್ಡೆಯಾಗುತ್ತದೆ. ಖಾಲಿ ಮಾಡುವವರೆಗೆ ಅದರ ವಾಲ್ವ್ ಮುಚ್ಚಿರಲಿ. ಮಾಮೂಲಿ ಒದ್ದೆ ಟಿಶ್ಯೂ ಹಾಕಲೇಬೇಡಿ.

ಖಾಲಿ ಮಾಡುವುದು ಡಂಪ್ ಸ್ಟೇಷನ್‌ನಲ್ಲಿ, ಅಂದರೆ ಟ್ಯಾಂಕಿನ ಕೊಳಕು ನೀರು ಸುರಿಯಲೆಂದೇ ಇರುವ ಜಾಗದಲ್ಲಿ. ಕೈಗವಸು ಹಾಕಿ, ಪೈಪನ್ನು ಗಟ್ಟಿಯಾಗಿ ಕೂರಿಸಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗಲಿ ಎಂದೇ ಈ ಕ್ರಮ.

ನೀರಿಗೆ ಇಳಿಯುವುದು

ಮೊದಲ ಸಲವೇ ಆರ್‌ವಿಯನ್ನೂ ಮೋಟರ್ ದೋಣಿಯನ್ನೂ ಒಟ್ಟಿಗೆ ಕಲಿಯಬೇಡಿ. ಬಾಡಿಗೆ ಗಾಡಿಗೆ ದೋಣಿ ಕಟ್ಟಲು ಅನೇಕ ಕಂಪನಿಗಳು ಬಿಡುವುದೂ ಇಲ್ಲ. ಪಾರ್ಕಿನಲ್ಲೇ ಹುಟ್ಟು ಹಾಕಿ ಸಾಗುವ ಸಣ್ಣ ದೋಣಿಗಳಾದ ಕಯಾಕ್, ಕನೂ ಬಾಡಿಗೆಗೆ ಸಿಗುತ್ತವೆ. ಗಾಳಿಗೆ ಎದುರಾಗಿ ಹೊರಡಿ, ಆಗ ದಣಿದು ಮರಳುವಾಗ ಗಾಳಿ ನಿಮ್ಮನ್ನು ತಳ್ಳುತ್ತದೆ. ಡೆವಿಲ್ಸ್ ವಾಟರ್‌ಹೋಲ್ ಎಂಬ ಮೂಲೆಯವರೆಗೆ ಹೋದರೆ ಅಲ್ಲಿನ ಗುಲಾಬಿ ಬಂಡೆಗಳನ್ನು ಹತ್ತಿರದಿಂದ ನೋಡಬಹುದು. ಅವು ನೂರು ಕೋಟಿ ವರ್ಷಕ್ಕೂ ಹಳೆಯ, ನೈಸ್ ಎಂಬ ಬಗೆಯ ಶಿಲೆ. ಹುಡುಗರು ಅಲ್ಲಿಂದ ಹಾರುತ್ತಾರೆ. ಜೀವರಕ್ಷಕರು ಇಲ್ಲ ಎಂಬುದು ನೆನಪಿರಲಿ.

ಲೈಫ್ ಜಾಕೆಟ್ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಕಾನೂನಿನ ಪ್ರಕಾರ ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ಇರಬೇಕು. 26 ಅಡಿಗಿಂತ ಚಿಕ್ಕ ದೋಣಿ ಸಾಗುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ತೊಟ್ಟೇ ಇರಬೇಕು. ಈಜು ಬಾರದ ಅಪ್ಪ ಅಮ್ಮನಿಗೂ ದಡದಲ್ಲೇ ತೊಡಿಸಿ. ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆದು ನೋಡಿ. ಜಾಕೆಟ್ ಗಲ್ಲ ದಾಟಿ ಬಂದರೆ ಅದು ಸಡಿಲ, ಸೀರೆಯ ಮೇಲೆ ಸುಮ್ನೆ ಹಾಕಿದರೆ ಆಗುವುದೂ ಅದೇ. ಸೀರೆಯ ಬದಲು ಪ್ಯಾಂಟು, ಟೀ ಶರ್ಟು ಹಾಕಿಸಿ.

ಮುಂದಿನ ಸಲ ಮೋಟರ್ ದೋಣಿ ತರುವವರು 1993ರ ಸೆಪ್ಟೆಂಬರ್ 1ರಂದು ಅಥವಾ ಅದರ ನಂತರ ಹುಟ್ಟಿದ್ದರೆ, 15 ಎಚ್‌ಪಿ ಮೀರಿದ ದೋಣಿಗೆ ಬೋಟರ್ ಎಜುಕೇಶನ್ ಕೋರ್ಸ್ ಮುಗಿಸಿರಬೇಕು. ರ್‍ಯಾಂಪ್ (ದೋಣಿಯನ್ನು ನೀರಿಗೆ ಇಳಿಸುವ ಇಳಿಜಾರು) ಹತ್ತಿರ ಹೋಗುವ ಮುಂಚೆಯೇ, ಪಕ್ಕದಲ್ಲಿ ನಿಲ್ಲಿಸಿ ಸಿದ್ಧವಾಗಿ: ಸಾಮಾನು ತುಂಬಿ, ದೋಣಿಯನ್ನು ಟ್ರೇಲರ್‌ಗೆ ಬಿಗಿದ ಹಿಂಬದಿಯ ಪಟ್ಟಿ ಬಿಚ್ಚಿ, ಮುಂದೆ ಹಗ್ಗ ಕಟ್ಟಿ, ನೀರು ಬಸಿಯುವ ತೂತು ಮುಚ್ಚುವ ಡ್ರೈನ್ ಪ್ಲಗ್ ತಿರುಗಿಸಿ ಬಿಗಿ ಮಾಡಿ. ಹೆಬ್ಬೆರಳಿನಷ್ಟೂ ಇಲ್ಲದ ಆ ಪ್ಲಗ್ ಮರೆತರೆ ದೋಣಿ ಮುಳುಗುತ್ತದೆ. ಟ್ರೇಲರ್ ಹಿಂದಕ್ಕೆ ಹಾಕುವಾಗ ಕೈ ಸ್ಟಿಯರಿಂಗ್‌ನ ಕೆಳಭಾಗದಲ್ಲಿರಲಿ. ಕೈ ಬಲಕ್ಕೆ ಹೋದರೆ ಟ್ರೇಲರ್ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ಹಿಂಭಾಗ ತೇಲತೊಡಗಿದ ಮೇಲೆ ಎಂಜಿನ್ ಹಾಕಿ. ಔಟ್‌ಬೋರ್ಡ್ ಮೋಟರಿನಿಂದ (ದೋಣಿಯ ಹಿಂದೆ ಹೊರಗೆ ಕೂರಿಸಿದ ಎಂಜಿನ್) ಸಣ್ಣ ನೀರಿನ ಧಾರೆ ಹೊರಬರುತ್ತಿದೆಯೇ ನೋಡಿ. ಬರದಿದ್ದರೆ ಎಂಜಿನ್‌ಗೆ ತಂಪು ತಲುಪುತ್ತಿಲ್ಲ, ಕೂಡಲೇ ಆರಿಸಿ. ಚಾಲಕ ಬಿದ್ದರೆ ಎಂಜಿನ್ ಆರಿಸುವ ಕಿಲ್ ಸ್ವಿಚ್‌ನ ದಾರ ಅವನ ಮೈಗೆ ಕಟ್ಟಿರಬೇಕು. 2021ರಿಂದ 26 ಅಡಿಗಿಂತ ಚಿಕ್ಕ ಮೋಟರ್ ದೋಣಿಗಳಿಗೆ ಇದು ಅಮೆರಿಕದ ಕೇಂದ್ರ ಕಾನೂನು.

ಮಳೆ, ಬೆಂಕಿ, ಹೊರಡುವ ದಿನ

ಹಿಲ್ ಕಂಟ್ರಿ ಎಂಬ ಈ ಗುಡ್ಡಗಾಡಿನ ಕಲ್ಲುನೆಲ ಮಳೆನೀರನ್ನು ಹೆಚ್ಚು ಹೀರುವುದಿಲ್ಲ. 2025ರ ಜುಲೈ 4ರ ಬೆಳಗಿನ ಜಾವ ಗ್ವಾಡಲೂಪೆ ನದಿಯ ಪ್ರವಾಹ ದಡದ ಆರ್‌ವಿಗಳನ್ನೂ ಎಳೆದುಕೊಂಡು ಹೋಯಿತು. ಆ ಭಾಗದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ರಾತ್ರಿ ಫೋನಿನ ತುರ್ತು ಎಚ್ಚರಿಕೆ ಆರಿಸಬೇಡಿ. ಎತ್ತರದ ಜಾಗಕ್ಕೆ ನಡೆದು ಹೋಗುವ ದಾರಿಯನ್ನು ಬೆಳಕಿರುವಾಗಲೇ ನೋಡಿಕೊಳ್ಳಿ.

ಕ್ಯಾಂಪ್‌ಫೈರ್‌ಗೆ ಮುನ್ನ ಬೆಂಕಿ ನಿಷೇಧ ಇದೆಯೇ ಎಂದು ಆಫೀಸಿನಲ್ಲಿ ಕೇಳಿ. ಸೌದೆ ಅಲ್ಲೇ ಕೊಳ್ಳಿ.

ಹೊರಡುವ ದಿನ ದೋಣಿಯ ಪ್ಲಗ್ ತೆಗೆದು ಎಲ್ಲ ನೀರನ್ನೂ ರ್‍ಯಾಂಪ್‌ನಲ್ಲೇ ಬಸಿಯಬೇಕು. ಇದು ಟೆಕ್ಸಾಸ್‌ನ ಕಾನೂನು. ಕಯಾಕ್‌ಗೂ ಅನ್ವಯ. 2009ರಲ್ಲಿ ಟೆಕ್ಸೋಮಾ ಕೆರೆಯಲ್ಲಿ ಕಾಣಿಸಿಕೊಂಡ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋದದ್ದು ಮುಖ್ಯವಾಗಿ ದೋಣಿಗಳ ಮೂಲಕ. ಅದರ ಮರಿಗಳು ಕಣ್ಣಿಗೆ ಕಾಣುವುದಿಲ್ಲ. ಟ್ರೇಲರ್‌ಗೆ ಸಿಕ್ಕಿದ ಜೊಂಡು ಕಿತ್ತುಹಾಕಿ. ದೋಣಿ ಕನಿಷ್ಠ ಒಂದು ವಾರ ಪೂರ್ತಿ ಒಣಗಲಿ, ಆಮೇಲೆ ಬೇರೆ ಕೆರೆಗೆ ಇಳಿಸಿ.