ಮಳೆನಾಡಿನ ಕಾಲುಗುರು: ಫಂಗಸ್ ಗುರುತಿಸಿ ಗುಣಪಡಿಸುವ ಬಗೆ

ಕಾಲಿನ ಹೆಬ್ಬೆರಳ ಉಗುರು ಹಳದಿಗಟ್ಟಿ, ದಪ್ಪಗಾಗಿ, ತುದಿಯಲ್ಲಿ ಪುಡಿಪುಡಿಯಾಗಿ ಉದುರತೊಡಗಿದರೆ ನಮ್ಮ ಕಡೆ ಬಹಳ ಮಂದಿ ‘ಮಳೆಗಾಲ ಮುಗಿದ ಮೇಲೆ ಸರಿಯಾಗುತ್ತದೆ’ ಎಂದು ಬಿಟ್ಟುಬಿಡುತ್ತಾರೆ. ಅದು ಸರಿಯಾಗುವುದಿಲ್ಲ. ಉಗುರಿನ ಫಂಗಸ್ ತಾನಾಗಿ ಹೋಗುವುದು ತೀರ ಅಪರೂಪ. ಪಕ್ಕದ ಬೆರಳಿಗೂ ಮನೆಯ ಇನ್ನೊಬ್ಬರ ಕಾಲಿಗೂ ಅದು ದಾಟುತ್ತದೆ. ಹಾಗೆಂದು ನೇರವಾಗಿ ಮೆಡಿಕಲ್ ಶಾಪಿಗೆ ಹೋಗಿ ಮಾತ್ರೆ ತರುವುದೂ ತಪ್ಪು. ಕೆಟ್ಟುಹೋದ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಉಳಿದವರು ಮೂರು ತಿಂಗಳು ಮಾತ್ರೆ ನುಂಗಿದರೂ ಉಗುರು ಇದ್ದ ಹಾಗೇ ಇರುತ್ತದೆ.

ಹೆಚ್ಚಿನವರಿಗೆ ಇದು ಶುರುವಾಗುವುದು ಉಗುರಿನಲ್ಲಲ್ಲ, ಬೆರಳ ಸಂದಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗದ್ದೆಯ ಕೆಸರು, ತೋಟದ ಕಾಲುವೆ, ದಿನವಿಡೀ ಗಂಬೂಟಿನೊಳಗಿನ ಬೆವರು ಇವುಗಳಿಂದ ಸಂದಿಯ ಚರ್ಮ ಬಿಳಚಿಕೊಂಡು ಬಿರಿಯುತ್ತದೆ. ಅಲ್ಲಿ ಬೇರೂರಿದ ಫಂಗಸ್, ಹೆಚ್ಚಾಗಿ ಟ್ರೈಕೊಫೈಟಾನ್ ರೂಬ್ರಮ್ ಎಂಬುದು, ಉಗುರಿನ ತುದಿಯಿಂದ ಅಥವಾ ಬದಿಯ ಮೂಲೆಯಿಂದ ಅಡಿಗೆ ನುಗ್ಗಿ ನಿಧಾನವಾಗಿ ಬುಡದತ್ತ ಸಾಗುತ್ತದೆ. ಉಗುರು ಅಡಿಯ ಚರ್ಮದಿಂದ ಬಿಟ್ಟುಕೊಳ್ಳುತ್ತದೆ, ನಡುವೆ ಸುಣ್ಣದ ಪುಡಿಯಂಥ ಹೊಟ್ಟು ತುಂಬುತ್ತದೆ. ಇನ್ನೊಂದು ಬಗೆಯಲ್ಲಿ ಉಗುರಿನ ಮೇಲ್ಮೈಯಲ್ಲೇ ಬಿಳಿ ಚುಕ್ಕೆ ಕಾಣುತ್ತದೆ, ಅದು ಕೆರೆದರೆ ಉದುರುತ್ತದೆ. ಬುಡದಿಂದಲೇ ಬಿಳಿಯಾಗುತ್ತ ಬಂದರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ. ದೇಹದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಹೀಗಾಗುವುದುಂಟು.

ಫಂಗಸ್‌ನಂತೆ ಕಂಡರೂ ಫಂಗಸ್ ಅಲ್ಲದವು

ಸೋರಿಯಾಸಿಸ್ ಎಂಬ ಚರ್ಮರೋಗದಲ್ಲೂ ಉಗುರು ದಪ್ಪವಾಗಿ ಮೇಲೇಳುತ್ತದೆ. ಆದರೆ ಮೇಲೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಗುಳಿಗಳು, ಅಡಿಯಲ್ಲಿ ಎಣ್ಣೆ ಹನಿಯಂಥ ಕಂದು ಕಲೆ ಇರುತ್ತವೆ. ಮೊಣಕೈ, ನೆತ್ತಿಯಲ್ಲೂ ಹೊಟ್ಟು ಕಾಣಬಹುದು. ಬಿಗಿ ಚಪ್ಪಲಿ, ಎಡವಿದ ಪೆಟ್ಟುಗಳಿಂದಲೂ ಉಗುರು ದಪ್ಪಗಾಗುತ್ತದೆ. ಹಸಿರು ಛಾಯೆ ಇದ್ದರೆ ಅದು ಹೆಚ್ಚಾಗಿ ಬ್ಯಾಕ್ಟೀರಿಯಾದ ಕೆಲಸ. ಅಡಿಕೆ ಸುಲಿಯುವವರ ಕೈಯುಗುರಿಗೆ ಹಿಡಿದ ಚೊಗರು ಬರಿಯ ಬಣ್ಣ, ಉಗುರು ಬೆಳೆದಂತೆ ಹೋಗುತ್ತದೆ. ಮದರಂಗಿ ಮತ್ತು ನೇಲ್ ಪಾಲಿಶ್ ನಿಜವಾದ ರೋಗವನ್ನೇ ಮುಚ್ಚಿಡುತ್ತವೆ, ಆದ್ದರಿಂದ ವೈದ್ಯರ ಬಳಿ ಹೋಗುವಾಗ ಅವು ಇರಬಾರದು.

ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಅಥವಾ ಕಂದು ಪಟ್ಟೆ ಮೂಡಿ ಅಗಲವಾಗುತ್ತಿದ್ದರೆ, ಅಥವಾ ಆ ಕಪ್ಪು ಬುಡದ ಚರ್ಮಕ್ಕೂ ಹರಡಿದ್ದರೆ, ಮದ್ದು ಹಚ್ಚುತ್ತ ಕೂರಬೇಡಿ. ಅದು ಮೆಲನೋಮಾ ಎಂಬ ಕ್ಯಾನ್ಸರ್ ಆಗಿರಬಹುದು.

ಪರೀಕ್ಷೆ

ಉಗುರಿನ ಚೂರು ಮತ್ತು ಅಡಿಯ ಪುಡಿಯನ್ನು ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಲ್ಚರ್‌ಗೆ ಹಾಕಿದರೆ, ಅಂದರೆ ಫಂಗಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದರೆ, ಯಾವ ಫಂಗಸ್ ಎಂದು ತಿಳಿಯುತ್ತದೆ, ಆದರೆ ಎರಡರಿಂದ ನಾಲ್ಕು ವಾರ ಕಾಯಬೇಕು. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಂಥ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗದಲ್ಲಿ ಇದನ್ನು ಕೇಳಿ. ಮಾದರಿ ಕೊಡುವ ಕನಿಷ್ಠ ಎರಡು ವಾರ ಮೊದಲೇ ಹಚ್ಚುವ ಮದ್ದು ನಿಲ್ಲಿಸಬೇಕು. ತುದಿಯ ಸತ್ತ ಚೂರನ್ನಷ್ಟೇ ಕತ್ತರಿಸಿ ಕೊಟ್ಟರೆ ಫಂಗಸ್ ಇದ್ದರೂ ‘ಇಲ್ಲ’ ಎಂದು ವರದಿ ಬರಬಹುದು. ಒಳ್ಳೆಯ ಉಗುರು ಶುರುವಾಗುವ ಗಡಿಯ ಹತ್ತಿರದಿಂದ ಪುಡಿ ತೆಗೆಯಬೇಕು. ಅನುಮಾನ ಉಳಿದರೆ ಇನ್ನೊಮ್ಮೆ ಪರೀಕ್ಷಿಸಿ.

ಮದ್ದು

ಒಂದೆರಡು ಉಗುರು ಮಾತ್ರ ಕೆಟ್ಟು, ರೋಗ ಉಗುರಿನ ಅರ್ಧ ದಾಟದೆ, ಬುಡ ಚೆನ್ನಾಗಿದ್ದರೆ ಹಚ್ಚುವ ಮದ್ದು ಸಾಕಾಗಬಹುದು. ಶೇ. 5ರ ಅಮೊರೊಲ್ಫಿನ್ ಲ್ಯಾಕರ್ (ನೇಲ್ ಪಾಲಿಶ್‌ನಂತೆ ಬಳಿಯುವ ಮದ್ದು) ಅನ್ನು ವಾರಕ್ಕೆ ಒಂದೆರಡು ಬಾರಿ ಹಚ್ಚಬೇಕು. ಕೈಯುಗುರಿಗೆ 6 ತಿಂಗಳು, ಕಾಲುಗುರಿಗೆ 9ರಿಂದ 12 ತಿಂಗಳು ಬೇಕು. ಮೊದಲು ಸಡಿಲವಾದ ಭಾಗ ಕತ್ತರಿಸಿ, ಮೇಲ್ಮೈಯನ್ನು ಫೈಲ್‌ನಿಂದ ಉಜ್ಜಿ ತೆಳುಮಾಡಿ, ಸ್ಪಿರಿಟ್ ಹತ್ತಿಯಿಂದ ಒರೆಸಿ, ಆಮೇಲೆ ಹಚ್ಚಿ ಐದು ನಿಮಿಷ ಒಣಗಲು ಬಿಡಿ. ಮುಂದಿನ ಸಲ ಹಳೆಯ ಪದರ ತೆಗೆದೇ ಹಚ್ಚಬೇಕು. ಉಜ್ಜದೆ ದಪ್ಪ ಉಗುರಿನ ಮೇಲೆ ಬಳಿದ ಮದ್ದು ಮೇಲೇ ಉಳಿಯುತ್ತದೆ, ಹಚ್ಚಿದ್ದು ವ್ಯರ್ಥ. ಆ ಫೈಲ್ ಒಳ್ಳೆಯ ಉಗುರಿಗೆ ತಾಗಬಾರದು.

ರೋಗ ಹೆಚ್ಚಿದ್ದರೆ ಮಾತ್ರೆಯೇ ಬೇಕು. ಸಾಮಾನ್ಯವಾಗಿ ಟರ್ಬಿನಾಫಿನ್ 250 ಮಿಲಿಗ್ರಾಂ ದಿನಕ್ಕೊಂದು, ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ಕೊಡುತ್ತಾರೆ. ಶುರುಮಾಡುವ ಮೊದಲು ಲಿವರ್ ಪರೀಕ್ಷೆ ಆಗಬೇಕು. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ, ಹಸಿವೆ ಇಲ್ಲವಾದರೆ ಅಥವಾ ನಾಲಿಗೆಗೆ ರುಚಿ ಹತ್ತದಿದ್ದರೆ ಮಾತ್ರೆ ನಿಲ್ಲಿಸಿ ಕೂಡಲೇ ವೈದ್ಯರಿಗೆ ಹೇಳಿ. ಇಟ್ರಾಕೊನಜೋಲ್ ಆದರೆ 200 ಮಿಲಿಗ್ರಾಂ ದಿನಕ್ಕೆರಡು ಬಾರಿ ತಿಂಗಳಲ್ಲಿ ಒಂದು ವಾರ, ಕಾಲುಗುರಿಗೆ ಇಂಥ ಮೂರು ಸುತ್ತು. ಇದರ ಕ್ಯಾಪ್ಸೂಲನ್ನು ಊಟದ ಜೊತೆ ತೆಗೆದುಕೊಳ್ಳಬೇಕು, ಆಸಿಡಿಟಿ ಮಾತ್ರೆಯ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಹೃದಯ ದುರ್ಬಲವಾಗಿರುವವರಿಗೆ ಇದು ಸಲ್ಲದು, ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳ ಜೊತೆಗೂ ಅಪಾಯ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಎರಡನ್ನೂ ತಾವಾಗಿ ತೆಗೆದುಕೊಳ್ಳಬಾರದು.

ಮಾತ್ರೆಯ ಅವಧಿ ಮುಗಿದ ದಿನ ಉಗುರು ಇನ್ನೂ ಕೆಟ್ಟದಾಗಿಯೇ ಕಾಣುತ್ತದೆ. ಇಲ್ಲೇ ಹಲವರು ಧೈರ್ಯಗೆಡುತ್ತಾರೆ. ಕಾಲುಗುರು ತಿಂಗಳಿಗೆ ಬೆಳೆಯುವುದು ಒಂದೂವರೆ ಮಿಲಿಮೀಟರಿನಷ್ಟು, ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಮದ್ದು ಉಗುರಿನೊಳಗೆ ತಿಂಗಳುಗಟ್ಟಲೆ ಉಳಿದು ಕೆಲಸ ಮಾಡುತ್ತದೆ. ಗುಣವಾಗುತ್ತಿದೆಯೇ ಎಂದು ತಿಳಿಯಲು, ಒಳ್ಳೆಯ ಮತ್ತು ಕೆಟ್ಟ ಭಾಗದ ಗಡಿಯಲ್ಲಿ ಫೈಲ್‌ನಿಂದ ಹಗುರವಾಗಿ ಒಂದು ಗೆರೆ ಎಳೆದು ತಿಂಗಳಿಗೊಮ್ಮೆ ಫೋಟೊ ತೆಗೆಯಿರಿ. ಕೆಟ್ಟ ಭಾಗ ಗೆರೆಯ ಜೊತೆಗೇ ಮುಂದೆ ಸಾಗಿದರೆ ಮದ್ದು ಹಿಡಿದಿದೆ. ಗೆರೆ ದಾಟಿ ಬುಡದತ್ತ ಬಂದರೆ ಹಿಡಿದಿಲ್ಲ. ಉಗುರಿನ ಉದ್ದಕ್ಕೆ ಹಳದಿ ಗೂಟದಂಥ ಪಟ್ಟೆ ಇದ್ದರೆ ಅಲ್ಲಿ ಫಂಗಸ್ ಗಟ್ಟಿಯಾಗಿ ಗೂಡುಕಟ್ಟಿರುತ್ತದೆ, ಮಾತ್ರೆ ಅದರೊಳಗೆ ಇಳಿಯದು. ಶೇ. 40ರ ಯೂರಿಯಾ ಮುಲಾಮಿನಿಂದ ಮೆದುಮಾಡಿ ಆ ಭಾಗವನ್ನು ವೈದ್ಯರಿಂದಲೇ ತೆಗೆಸಬೇಕು.

ಸ್ಟಿರಾಯ್ಡ್ ಬೆರೆತ ‘ತುರಿಕೆ ಕ್ರೀಂ’ ಹಚ್ಚಬೇಡಿ. ತುರಿಕೆ ತಗ್ಗಿದಂತೆ ಕಂಡರೂ ಫಂಗಸ್ ಒಳಗೇ ಹರಡುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತಿನ ದ್ರಾವಣವನ್ನಂತೂ ಉಗುರಿಗೆ ಹಾಕಲೇಬೇಡಿ, ಚರ್ಮ ಸುಟ್ಟು ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆ ಇದ್ದು ಪಾದಕ್ಕೆ ಸ್ಪರ್ಶ ಕಡಿಮೆಯಾದವರು ಮನೆಯಲ್ಲಿ ದಪ್ಪ ಉಗುರು ಕತ್ತರಿಸಬಾರದು. ತಿಳಿಯದೇ ಆದ ಸಣ್ಣ ಗಾಯ ಪಾದವನ್ನೇ ಕೆಡಿಸಬಲ್ಲದು.

ಮೀನು ಕೊಯ್ಯುವವರು, ದಿನವಿಡೀ ಪಾತ್ರೆ ತೊಳೆಯುವವರ ಕೈಯುಗುರಿನ ಕಥೆ ಬೇರೆ. ಬುಡದ ಚರ್ಮ ಊದಿ, ಉಗುರಿಗೆ ಅಂಟಿದ ಪೊರೆ ಕಳಚಿ, ಒಳಗೆ ನೀರು ಸೇರಿ ಕ್ಯಾಂಡಿಡಾ ಎಂಬ ಇನ್ನೊಂದು ಫಂಗಸ್ ಬೆಳೆಯುತ್ತದೆ. ಕೈ ಒಣಗಿರದೆ ಯಾವ ಮದ್ದೂ ನಾಟದು. ಒಳಗೆ ಹತ್ತಿಯ ಕೈಗವಸು, ಮೇಲೆ ರಬ್ಬರಿನದು ಹಾಕಿಕೊಂಡು ಕೆಲಸ ಮಾಡಿ.

ಉಗುರಿನ ಮದ್ದಿನ ಜೊತೆಗೇ ಬೆರಳ ಸಂದಿಗೂ ಪಾದಕ್ಕೂ ಶೇ. 1ರ ಟರ್ಬಿನಾಫಿನ್ ಕ್ರೀಂ ಕನಿಷ್ಠ ಎರಡು ವಾರ ಹಚ್ಚಿ. ಕಾಲುಚೀಲಗಳನ್ನು ಬಚ್ಚಲ ಹಂಡೆಯ ಸುಡುನೀರಿನಲ್ಲಿ, 60 ಡಿಗ್ರಿಗಿಂತ ಬಿಸಿ ಇರುವಾಗಲೇ ಅದ್ದಿ ತೊಳೆಯಿರಿ. ಗಂಬೂಟು ಎರಡು ಜೊತೆ ಇಟ್ಟುಕೊಂಡು, ಒಂದನ್ನು ಒಲೆಯ ಕಾವು ತಾಗುವಷ್ಟು ದೂರದಲ್ಲಿ ಬಾಯಿ ಕೆಳಗಾಗಿ ಒಣಗಿಸಿ. ಉಗುರು ಕಟ್ಟರ್ ಒಬ್ಬರಿಗೊಂದು ಇರಲಿ. ಗುಣವಾದ ಮೇಲೂ ಪ್ರತಿ ಮಳೆಗಾಲ ಸಂದಿ ಬಿರಿದ ಕೂಡಲೇ, ಉಗುರಿಗೆ ಏರುವ ಮುಂಚೆ, ಆ ಕ್ರೀಮನ್ನು ಮತ್ತೆ ಹಚ್ಚಿ.